ಹಿಲ್ಮಿ ಕುಯ್ದ ಕುಟ್ಟುಗೋಲು

ಮಂಗಳವಾರ ಹಾಜಿ ಮಿತ್ವಲ್ಲಿಯ ಮನೆಯಲ್ಲಿ ಹಿಲ್ಮಿ ಬಾಯಿ ಮುಚ್ಚಿಕೊಂಡು ಒಂದು ಲೋಟ ಟೀ ಕುಡಿದು ಎದ್ದು ಬಂದಿದ್ದರೆ ಶುಕ್ರವಾರ ಅಷ್ಟೆಲ್ಲ ಆಗುತ್ತಿರಲಿಲ್ಲ. ಟೀಯನ್ನೇನೋ ಕುಡಿದ. ಬಾಯಿ ಮುಚ್ಚಿಕೊಳ್ಳುವುದು ಅವನ ಜಾಯಮಾನದಲ್ಲೇ ಇರಲಿಲ್ಲ.

ಹಾಜಿಗೆ ಮೊಮ್ಮಗ ಹುಟ್ಟಿದ್ದ. ಶುಕ್ರವಾರಕ್ಕೆ ಮಗುವಿಗೆ ಏಳನೇ ದಿನ. ಏಳನೇ ದಿನ ಮಗುವನ್ನು ಜರಡಿಯಲ್ಲಿ ಮಲಗಿಸಿ, ಕಿವಿಯ ಪಕ್ಕದಲ್ಲೇ ಹಿತ್ತಾಳೆ ಕುಟ್ಟಾಣಿ ಬಡಿದು, ಮನೆಯಲ್ಲಿ ಯಾರ ಮಾತು ಕೇಳಬೇಕು, ಯಾರ ಮಾತು ಕೇಳಬಾರದು ಅಂತ ಅಜ್ಜಿ ಮೊದಲ ಪಾಠ ಹೇಳಿಕೊಡದಿದ್ದರೆ ನಮ್ಮ ಶುಬ್ರಾ ಬಡಾವಣೆಯಲ್ಲಿ ಅದನ್ನು ಮಗು ಅಂತಲೇ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಹಾಜಿಯ ಮನೆಯಲ್ಲಿ ಕುಟ್ಟಾಣಿ ಇತ್ತು, ಕುಟ್ಟುವ ಕೋಲು ಇರಲಿಲ್ಲ. ಯಾರದೋ ಮನೆಗೆ ಕೊಟ್ಟದ್ದು ವಾಪಸು ಬಂದಿರಲಿಲ್ಲ. ಹೋಗಲಿ, ಬಜಾರಿನಿಂದ ಒಂದು ತಂದರಾಯಿತು ಅಂದಳು ಹಾಜಿಯ ಹೆಂಡತಿ.

ಮಾತು ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅದೇ ಹೊತ್ತಿಗೆ ಹಾಜಿಯ ಎರಡನೇ ಮಗಳು ರಾವಿಯಾ ಟೀ ತಟ್ಟೆ ಹಿಡಿದು ಒಳಗೆ ಬಂದಳು. ಹಿಲ್ಮಿಯ ಗಂಟಲು ತಾನಾಗಿಯೇ ಎರಡು ಮೆಟ್ಟಿಲು ಕೆಳಗಿಳಿದು ಹೀರೋಗಳ ಗಂಟಲಾಯಿತು.

"ಬಜಾರಿಗೆ ಯಾಕೆ ಹಾಜಮ್ಮ, ನಾನಿಲ್ವಾ? ಸ್ಟೇನ್‌ಲೆಸ್ ಸ್ಟೀಲಲ್ಲಿ ಮಾಡ್ಕೊಡ್ತೀನಿ. ನಿಮ್ಮ ಮೊಮ್ಮಗನ ಮೊಮ್ಮಗನಿಗೂ ಅದೇ ಕೋಲು."

ಹಾಜಿ ಮಿತ್ವಲ್ಲಿ ತಲೆಯೆತ್ತಿ ನೋಡಿದ. ಅವನದು ಸ್ಟೇನ್‌ಲೆಸ್ ಪಾತ್ರೆಗಳ ಸಗಟು ಅಂಗಡಿ. ಸ್ಟೀಲು ಅಂದರೆ ಅವನಿಗೆ ಬೇರೆಯವರಿಗೆ ಕವಿತೆ ಇದ್ದ ಹಾಗೆ. ರಾವಿಯಾಳನ್ನು ಕೇಳಿಕೊಂಡು ಬಂದಿದ್ದ ಇಬ್ಬರು ಗಂಡುಗಳನ್ನು ಅವನು ವಾಪಸು ಕಳಿಸಿದ್ದೂ ಸ್ಟೀಲಿನ ವಿಷಯಕ್ಕೇ. ಒಬ್ಬ ಪಾತ್ರೆ ಕೈಗೆತ್ತಿಕೊಂಡು ತಳ ನೋಡದೆ ಅದರಲ್ಲಿ ತನ್ನ ಕ್ರಾಪು ನೋಡಿಕೊಂಡ ಅಂತ. ಇನ್ನೊಬ್ಬ ಅಲ್ಯೂಮಿನಿಯಮ್ಮೂ ಪರವಾಗಿಲ್ಲ ಅಂದ ಅಂತ. ಈಗ ಮೂರನೆಯವನು ಸ್ಟೀಲನ್ನು ಕೈಯಾರೆ ಕುಯ್ಯುತ್ತೇನೆ ಅನ್ನುತ್ತಿದ್ದಾನೆ. ಹಾಜಿ ಬಿಸ್ಕತ್ತಿನ ತಟ್ಟೆಯನ್ನು ಹಿಲ್ಮಿಯ ಕಡೆಗೆ ಒಂದು ಗೇಣು ಸರಿಸಿದ. ಆ ಒಂದು ಗೇಣಿನಲ್ಲಿ ಹಿಲ್ಮಿ ತನ್ನ ಮದುವೆ, ಮೆರವಣಿಗೆ, ಎರಡು ಮಕ್ಕಳು ಎಲ್ಲ ನೋಡಿಬಿಟ್ಟ.

ಮನೆಗೆ ಬಂದು ತಾಯಿಯ ಜೊತೆ ಮಾತಾಡಿ ಎಲ್ಲ ನಿರ್ಧಾರ ಮಾಡಿದ. ಶುಕ್ರವಾರ ಇಳಿಹೊತ್ತಿನ ಅಸರ್ ನಮಾಜು ಮುಗಿದ ಮೇಲೆ ಹಾಜಿಯ ಮನೆಯಲ್ಲಿ ಕಾರ್ಯ. ತನ್ನ ಕೋಲು ಕುಟ್ಟಾಣಿಗೆ ಬಿದ್ದು ಠಣ್ಣೆನ್ನಬೇಕು, ಆ ಠಣ್ಣು ಆರುವ ಮುಂಚೆ ತಾಯಿ ರಾವಿಯಾಳನ್ನು ಕೇಳಬೇಕು. ಅದಕ್ಕೆ ತಕ್ಕ ಒಂದು ಡೈಲಾಗನ್ನೂ ಕನ್ನಡಿಯ ಮುಂದೆ ನಿಂತು ರೂಢಿ ಮಾಡಿಕೊಂಡ. ಹುಬ್ಬು ಯಾವ ಪದದ ಮೇಲೆ ಏರಬೇಕು ಅನ್ನುವುದೂ ಗೊತ್ತುಮಾಡಿಟ್ಟುಕೊಂಡ.

ಇನ್ನು ಹಿಲ್ಮಿಯ ಯೋಗ್ಯತೆಯ ವಿಚಾರ. ಅವನು ಟೆಲಿಫೋನ್ ಕಚೇರಿಯಲ್ಲಿ ಅರ್ಜಿಗಳಿಗೆ ಮೊಹರು ಒತ್ತುತ್ತಿದ್ದ. ಹತ್ತರಲ್ಲಿ ಮೂರು ಮೊಹರು ತಲೆಕೆಳಗಾಗಿರುತ್ತಿದ್ದವು. ಆದರೆ ಐದು ಮಹಡಿಯ ಕಟ್ಟಡದ ತಾರಸಿಯ ಮೇಲೆ, ನೀರಿನ ಟ್ಯಾಂಕಿಗೂ ಪಾರಿವಾಳದ ಗೂಡಿಗೂ ನಡುವೆ, ತಗಡಿನ ಒಂದು ಶೆಡ್ಡು ಹಾಕಿಕೊಂಡಿದ್ದ. ಅದಕ್ಕೆ ಅವನೇ ಇಟ್ಟ ಹೆಸರು ವರ್ಕ್‌ಶಾಪು. ಅದರ ನಡುಮಧ್ಯದಲ್ಲಿ ಕಸೂತಿ ಹಾಕಿದ ಮೇಜುಬಟ್ಟೆ ಹೊದ್ದುಕೊಂಡು ಸೆಕೆಂಡ್ ಹ್ಯಾಂಡ್ ಬ್ಯಾಂಡ್ ಸಾ ಮಷೀನು ಕೂತಿತ್ತು. ಎರಡು ಚಕ್ರದ ಮೇಲೆ ಉದ್ದನೆಯ ಹಲ್ಲಿನ ಪಟ್ಟಿ ಸುತ್ತುತ್ತ ಸುತ್ತುತ್ತ ಕುಯ್ಯುವ ಗರಗಸ. ಹಿಲ್ಮಿ ಅದನ್ನು ಮದುಮಗಳು ಅಂತ ಕರೆಯುತ್ತಿದ್ದ. ಎರಡು ವರ್ಷದಲ್ಲಿ ಆ ಮದುಮಗಳು ಕುಯ್ದದ್ದು ಎರಡು ಹಲಗೆ, ಒಂದು ಕಿಟಕಿಯ ಚೌಕಟ್ಟು, ಮತ್ತು ಹಿಲ್ಮಿಯ ಒಂದು ಹೊಸ ಅಂಗಿಯ ತೋಳು.

ಸಬ್ತಿಯಾದ ಲೋಹದ ಅಂಗಡಿಯಿಂದ ಅವನು ತಂದ ಸರಳು ಮಾತ್ರ ಅಪ್ಪಟ ಮಾಲು. ಮಣಿಕಟ್ಟಿನಷ್ಟು ದಪ್ಪ, ಮೊಳದಷ್ಟು ಉದ್ದ, ಒಳಗೆ ಪೊಳ್ಳಿಲ್ಲದ ಗಟ್ಟಿ ಸ್ಟೇನ್‌ಲೆಸ್ಸು. ಎರಡು ತುದಿಯೂ ಸೊಟ್ಟಗಿದ್ದವು. ಎರಡು ಕಡೆ ಕುಯ್ದು ಒಂದು ಗೇಣು ಉಳಿಸಿಕೊಂಡರೆ ಮುಗಿಯಿತು. ಇದೇನು ಮಹಾ, ಒಂದು ಗಂಟೆ ಕೆಲಸ ಅಂದುಕೊಂಡ ಹಿಲ್ಮಿ. ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ಸರಳನ್ನು ಮಷೀನಿನ ವೈಸಿನ ದವಡೆಯಲ್ಲಿ ಕಚ್ಚಿಸಿ, ಕಪ್ಪು ಕನ್ನಡಕ ಹಾಕಿಕೊಂಡು, ಕಾಲರ್ ಎತ್ತಿಕೊಂಡು, ಮಷೀನಿನ ವೇಗವನ್ನು ಕಟ್ಟಕಡೆಯ ಗುರುತಿಗೆ ಇಟ್ಟು ಗುಂಡಿ ಒತ್ತಿದ.

ಶುಬ್ರಾದ ಜನ ಅಂಥ ಸದ್ದನ್ನು ಅದಕ್ಕೆ ಮುಂಚೆ ಕೇಳಿರಲಿಲ್ಲ. ನೂರು ಜನ ಮೇಷ್ಟರು ಒಟ್ಟಿಗೆ ನೂರು ಕರಿಹಲಗೆಯ ಮೇಲೆ ಉಗುರು ಎಳೆದ ಹಾಗಿತ್ತು. ಸರಳಿನಿಂದ ನೀಲಿ ಹೊಗೆ ಎದ್ದಿತು. ಪಕ್ಕದ ಗೂಡಿನಿಂದ ನಲವತ್ತು ಪಾರಿವಾಳಗಳು ಒಂದೇ ಸಲ ಮೇಲೆದ್ದವು. ಒಂದು ಸುತ್ತು ಹಾಕಿ, ಎದುರು ಬೀದಿಯ ತಾರಸಿಯ ಮೇಲಿನ ಗೂಡಿಗೆ ಹೋಗಿ ಇಳಿದವು. ಶುಬ್ರಾದ ಪಾರಿವಾಳದವರ ಕಾನೂನಿನಲ್ಲಿ ಬೇರೆಯವನ ಗೂಡಿನ ಮೇಲೆ ಇಳಿದ ಹಕ್ಕಿ ಬೇರೆಯವನದು.

ಪಾರಿವಾಳಗಳ ಯಜಮಾನ ಬಯ್ಯೂಮಿ, ಬೀದಿಗೆಲ್ಲ ಉಸ್ತಾ, ಅಂದರೆ ಕಸುಬಿನ ಗುರು. ನೂಲಿನ ಕಾರ್ಖಾನೆಯಲ್ಲಿ ನಲವತ್ತು ವರ್ಷ ಲೇತ್ ಮೇಲೆ ನಿಂತು ನಿವೃತ್ತನಾದ ಮುದುಕ. ಕಬ್ಬಿಣವನ್ನು ಮೂಸಿ ನೋಡಿ ಜಾತಕ ಹೇಳುತ್ತಿದ್ದ. ಶೆಡ್ಡಿನ ಬಾಗಿಲಿಗೆ ಬಂದು ನಿಂತು, ಖಾಲಿ ಆಕಾಶವನ್ನೊಮ್ಮೆ, ಹೊಗೆಯನ್ನೊಮ್ಮೆ, ಕಪ್ಪು ಕನ್ನಡಕವನ್ನೊಮ್ಮೆ ನೋಡಿದ. ಕೂಗಾಡಲಿಲ್ಲ. ಕೂಗಾಡಿದ್ದರೆ ಎಷ್ಟೋ ವಾಸಿಯಿತ್ತು.

"ಮಷೀನು ತಗೊಂಡೋರೆಲ್ಲ ಉಸ್ತಾ ಆಗೋ ಹಾಗಿದ್ರೆ, ಕನ್ನಡಿ ತಗೊಂಡೋರೆಲ್ಲ ಹೀರೋ ಆಗ್ತಿದ್ರು ಕಣಯ್ಯ," ಅಂದ.

ಹಿಲ್ಮಿ ತಾನು ಇದರ ಮೇಲೆ ಎಷ್ಟೋ ವಿಡಿಯೋ ನೋಡಿದ್ದೇನೆ ಅಂದ. ಬಯ್ಯೂಮಿ ಆ ಮಾತನ್ನು ಗಾಳಿಗೆ ಬಿಟ್ಟು ಸರಳನ್ನು ಬೆರಳಿನಿಂದ ತಟ್ಟಿದ, ಕುಯ್ದ ಗೀರಿನ ಮೇಲೆ ಉಗುರು ಆಡಿಸಿದ, ತುಟಿ ಸೊಟ್ಟ ಮಾಡಿದ.

"ಮಾಲು ಒಳ್ಳೇದು. ಅದಕ್ಕೇ ಹೊಟ್ಟೆ ಉರಿಯುತ್ತೆ. ಕೇಳಿಲ್ಲಿ. ಇದು ಮಾನವಂತ ಸ್ಟೀಲು. ವೇಗ ಪೂರ್ತಿ ಇಳಿಸು. ಗಟ್ಟಿಯಾಗಿ ಒತ್ತು. ಶುರು ಮಾಡಿದ ಮೇಲೆ ನಡುವೆ ನಿಲ್ಲಿಸಬೇಡ, ಸುಮ್ನೆ ಉಜ್ಜಬೇಡ. ಕುಯ್ಯೋ ಹಾಗಿದ್ರೆ ಕುಯ್ಯಿ, ಇಲ್ಲಾಂದ್ರೆ ಮುಟ್ಟಲೇಬೇಡ. ನಿಲ್ಲಿಸಿ, ಉಜ್ಜಿ, ಕಾಡ್ಸಿದ್ಯೋ, ಕಾಡ್ಸಿದ ಜಾಗ ಹಠ ಹಿಡಿಯುತ್ತೆ. ಆಮೇಲೆ ನಿಮ್ಮಪ್ಪ ಬಂದ್ರೂ ಬಗ್ಗಲ್ಲ."

ಇಷ್ಟು ಹೇಳಿ ಎದುರು ಬೀದಿಯವನ ಕಾಲು ಹಿಡಿದು ಪಾರಿವಾಳ ಬಿಡಿಸಿಕೊಂಡು ಬರಲು ಹೊರಟುಹೋದ.

ನಿಧಾನ, ಒತ್ತು, ನಿಲ್ಲಿಸಬೇಡ. ಮೂರೇ ಮಾತು. ಒಂದು ಕತ್ತೆಯ ಕಿವಿಯಲ್ಲಿ ಹೇಳಿದ್ದರೂ ನೆನಪಿಟ್ಟುಕೊಳ್ಳುತ್ತಿತ್ತು. ಹಿಲ್ಮಿಯೂ ಇಟ್ಟುಕೊಂಡ. ವೇಗ ಇಳಿಸಿದ, ಒತ್ತಿದ, ಮತ್ತು ನಿಜವಾಗಿಯೂ ಮದುಮಗಳು ಗುರ್ ಗುರ್ ಅನ್ನುತ್ತ ಸ್ಟೀಲಿನ ಒಳಗೆ ಇಳಿಯತೊಡಗಿದಳು. ಬೆಳ್ಳಿಯ ಗುಂಗುರು ಕೂದಲಿನಂಥ ಚೂರುಗಳು ಉದುರಿದವು. ಹಿಲ್ಮಿಗೆ ಹಿನ್ನೆಲೆಯಲ್ಲಿ ಪಿಟೀಲು ಕೇಳಿಸಿತು.

ಕೇಳಿಸಿದ್ದು ಪಿಟೀಲಲ್ಲ, ಉಮ್ ಹಮ್ದಿಯ ದನಿ. ನಾಲ್ಕನೇ ಮಹಡಿಯ ಹೆಂಗಸು. ಕಟ್ಟಡದ ನೀರು, ಮೆಟ್ಟಿಲು, ಮದುವೆ, ಜಗಳ ಎಲ್ಲದರ ಉಸ್ತುವಾರಿ ಯಾರೂ ಕೇಳದೆಯೇ ಅವಳದು. ತಾರಸಿಯ ಹಗ್ಗದ ಮೇಲೆ ಒಣಹಾಕಿದ್ದ ಬಿಳಿ ಹಾಸಿಗೆ ವಸ್ತ್ರವನ್ನು ಎರಡೂ ಕೈಯಲ್ಲಿ ಬಾವುಟದ ಹಾಗೆ ಹಿಡಿದುಕೊಂಡು ಶೆಡ್ಡಿಗೇ ಬಂದಿದ್ದಳು. ವಸ್ತ್ರದ ಮೇಲೆ ಮಸಿಯ ಚುಕ್ಕೆಗಳು.

ಮನೆ ಬಾಗಿಲಿಗೆ ಬಂದವರಿಗೆ, ಅವರು ಜಗಳಕ್ಕೇ ಬಂದಿದ್ದರೂ, ಬನ್ನಿ, ಕೂತ್ಕೊಳ್ಳಿ, ಟೀ ಕುಡೀರಿ ಅನ್ನದೆ ಇರಲು ಆ ಬೀದಿಯಲ್ಲಿ ಹುಟ್ಟಿದವನಿಗೆ ಸಾಧ್ಯವಿಲ್ಲ. ಹಾಗೆ ಕರೆಸಿಕೊಂಡವರು ಎದೆಯ ಮೇಲೆ ಕೈಯಿಟ್ಟು, ಬೇಡಪ್ಪ, ನಿನ್ನ ಬಾಯಿಗೆ ಸಕ್ಕರೆ ಬೀಳಲಿ ಅಂತ ಹೇಳಿ ಹೊರಡುವುದೂ ಅಷ್ಟೇ ಖಾತ್ರಿ. ಹಿಲ್ಮಿ ಕರೆಯುವ ಶಾಸ್ತ್ರ ಮಾಡಿದ. ಉಮ್ ಹಮ್ದಿ ತನ್ನ ಪಾಲಿನ ಶಾಸ್ತ್ರ ಮಾಡದೆ, ಎರಡು ಚಮಚ ಸಕ್ಕರೆ ಇರಲಿ ಅಂತ ಹೇಳಿ ಡಬ್ಬದ ಮೇಲೆ ಕೂತುಬಿಟ್ಟಳು.

ಈಗ ಹಿಲ್ಮಿ ಏನು ಮಾಡಬೇಕು? ನಿಲ್ಲಿಸಬೇಡ ಅಂದಿದ್ದಾನೆ ಉಸ್ತಾ. ಹೆಂಗಸು ಕೂತಿರುವಾಗ ಬೆನ್ನು ತಿರುಗಿಸಿ ಕೆಲಸ ಮಾಡುವುದು ಅಸಭ್ಯ. ಆಗ ಅವನು ಇಬ್ಬರಿಗೂ ಬೇಜಾರಾಗದ ದಾರಿಯೊಂದನ್ನು ಕಂಡುಹಿಡಿದ. ಮಷೀನನ್ನು ನಿಲ್ಲಿಸಲಿಲ್ಲ, ಒತ್ತಲೂ ಇಲ್ಲ. ಬ್ಲೇಡು ತನ್ನ ಪಾಡಿಗೆ ಸರಳಿನ ಮೇಲೆ ತಿರುಗಿಕೊಂಡಿರಲಿ ಅಂತ ಬಿಟ್ಟು ಸ್ಟೌ ಹಚ್ಚಿದ. ಹದಿನೈದು ನಿಮಿಷ ಉಮ್ ಹಮ್ದಿ ಟೀ ಹೀರುತ್ತ, ಸ್ಟೀಲಿಗಿಂತ ತಾಮ್ರ ಒಳ್ಳೆಯದಿತ್ತು, ಕೋಲಿನ ತುದಿ ಗುಂಡಗಿರಬೇಕು, ರಾವಿಯಾಗಿಂತ ತನ್ನ ತಂಗಿಯ ಮಗಳು ಬೆಳ್ಳಗಿದ್ದಾಳೆ ಅಂತ ವಿವರಿಸಿದಳು. ಹದಿನೈದು ನಿಮಿಷವೂ ಬ್ಲೇಡು ಸ್ಟೀಲನ್ನು ಕುಯ್ಯದೆ, ಬಿಡದೆ, ಬರೀ ಉಜ್ಜಿತು. ಬಸ್ಸಿನಲ್ಲಿ ಪಕ್ಕದಲ್ಲಿ ಕೂತು ಮೊಣಕೈಯಿಂದ ತಿವಿಯುತ್ತಲೇ ಇರುವವನ ಹಾಗೆ.

ಅವಳು ಎದ್ದುಹೋದ ಮೇಲೆ ಹಿಲ್ಮಿ ಒತ್ತಿದ. ಸ್ಟೀಲು ಬ್ಲೇಡಿಗೆ ಕ್ಯಾರೇ ಅನ್ನಲಿಲ್ಲ. ಉಜ್ಜಿದ ಜಾಗ ಗಾಜಿನ ಹಾಗೆ ಹೊಳೆಯುತ್ತಿತ್ತು. ಅವನು ಬ್ಲೇಡು ಹೊತ್ತ ಮಷೀನಿನ ತೋಳಿನ ಮೇಲೆ ಹೊಟ್ಟೆ ಹಾಕಿ ಮಲಗಿದ. ಆಗ ಹೇಗೋ ಕಿರಗುಟ್ಟಿಕೊಂಡು ಮತ್ತೆ ಒಂದು ಕಡ್ಡಿಯಷ್ಟು ಒಳಗೆ ಹೋಯಿತು. ಇನ್ನೇನು ದಾರಿಗೆ ಬಂತು ಅನ್ನುವಾಗ ಕರೆಂಟು ಹೋಯಿತು.

ಹೋದದ್ದಲ್ಲ, ತೆಗೆದದ್ದು. ಶುಕ್ರವಾರದ ಆಜಾನಿನ ಹೊತ್ತಿಗೆ ಕಟ್ಟಡದಲ್ಲಿ ಮಷೀನಿನ ಸದ್ದು ಬೇಡ ಅಂತ ಉಮ್ ಹಮ್ದಿ ಕೆಳಗೆ ಹೋಗಿ ಕಾವಲಿನ ಇದ್ರೀಸನಿಗೆ ಹೇಳಿದ್ದಳು. ಇದ್ರೀಸ್ ಐದು ಮಹಡಿ ಹತ್ತಿ ಹೇಳುವ ಕಷ್ಟ ಯಾಕೆ ಅಂತ ತಾರಸಿಯ ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಂಡು ಮಸೀದಿಗೆ ಹೋಗಿದ್ದ. ಹಿಲ್ಮಿಯೂ ಹೋದ. ಒಂದೂವರೆ ಗಂಟೆ ಬ್ಲೇಡು ಸರಳಿನ ನಡುವೆ ಸಿಕ್ಕಿಕೊಂಡೇ ಇತ್ತು. ಬಿಸಿಯಾಗಿದ್ದ ಸ್ಟೀಲು ತಣ್ಣಗಾಗುತ್ತ ಅದನ್ನು ಕಚ್ಚಿಹಿಡಿಯಿತು.

ವಾಪಸು ಬಂದು ಫ್ಯೂಸು ಹಾಕಿಸಿ ಗುಂಡಿ ಒತ್ತಿದಾಗ ಮಷೀನು ಒಂದು ಸಲ ಬಿಕ್ಕಿತು. ಆಮೇಲೆ ಟಿಕ್ ಟಿಕ್ ಟಿಕ್ ಅಂತ ಹಲ್ಲುಗಳು ಉದುರಿದವು. ಬ್ಲೇಡು ಅಜ್ಜಿಯ ಬೊಚ್ಚುಬಾಯಿಯಾಯಿತು.

ಇನ್ನೊಂದು ಬ್ಲೇಡಿತ್ತು. ಅದೇ ಕೊನೆಯದು. ಗಂಟೆ ಎರಡು ಹೊಡೆದಿತ್ತು. ಅಸರ್‌ಗೆ ಎರಡು ಗಂಟೆಯೂ ಉಳಿದಿರಲಿಲ್ಲ. ಕುಯ್ಯುವಾಗ ಎಣ್ಣೆ ಬಿಡಬೇಕು ಅಂತ ವಿಡಿಯೋದಲ್ಲಿ ಹೇಳಿದ್ದು ಹಿಲ್ಮಿಗೆ ಈಗ ಜ್ಞಾಪಕಕ್ಕೆ ಬಂತು. ಶೆಡ್ಡಿನಲ್ಲಿ ಎಣ್ಣೆ ಇರಲಿಲ್ಲ. ಕೆಳಗೆ ಅಡುಗೆಮನೆಯಲ್ಲಿ ತಾಯಿ ನಿನ್ನೆ ಮೀನು ಕರಿದ ಬಾಣಲೆಯ ತುಂಬ ಎಣ್ಣೆ ಇತ್ತು. ಎಣ್ಣೆಗೆ ಎಣ್ಣೆಯೇ ಅಲ್ಲವೇ ಅಂದುಕೊಂಡು ಬಾಣಲೆ ಸಮೇತ ಎತ್ತಿಕೊಂಡು ಬಂದ.

ಹೊಸ ಬ್ಲೇಡು ಕಟ್ಟಿ, ಹಠ ಹಿಡಿದ ಗೀರನ್ನು ಬಿಟ್ಟು ಸರಳನ್ನು ಇದ್ದಲ್ಲೇ ಹೊರಳಿಸಿ, ಆ ಗೀರಿನ ನೇರ ಎದುರು ಮಗ್ಗುಲಿಂದ ಶುರು ಮಾಡಿದ. ಎಣ್ಣೆ ಬಿಟ್ಟ. ಸ್ಟೀಲಿನ ಬಿಸಿಗೆ ಎಣ್ಣೆ ಕಾದು, ಕರಿದ ಮೀನಿನ ಘಮ ತಾರಸಿಯಿಂದ ಇಳಿದು, ಬೀದಿಯನ್ನು ಹಾದು, ರೈಲ್ವೆ ಗೇಟಿನವರೆಗೆ ಹೋಯಿತು. ಕುಯ್ತ ಅರ್ಧ ಮುಟ್ಟುವ ಮುಂಚೆ ಶೆಡ್ಡಿನ ಬಾಗಿಲಲ್ಲಿ ಒಂದು ಬೆಕ್ಕು ಕೂತಿತ್ತು. ಎರಡು ನಿಮಿಷಕ್ಕೆ ಏಳು. ಆಮೇಲೆ ಎಣಿಸುವುದನ್ನು ಬಿಟ್ಟ. ಸಿನಿಮಾದಲ್ಲಿ ಖಳನಾಯಕನ ಹಿಂದೆ ಬಂದು ನಿಲ್ಲುತ್ತಾರಲ್ಲ ಆ ಥರ ಸಾಲಾಗಿ, ಬಾಲ ಆಡಿಸುತ್ತ, ಬಾಣಲೆಯನ್ನೇ ದಿಟ್ಟಿಸುತ್ತ ನಿಂತಿದ್ದವು. ಒಂದು ಕಪ್ಪು ಬೆಕ್ಕು ಹಿಲ್ಮಿಯ ಹೆಗಲಿಗೇ ಹಾರಿತು. ಅವನು ಕೈಬಿಟ್ಟ. ಮಷೀನಿನ ತೋಳಿನ ಮೇಲಿನ ಒತ್ತು ಸಡಿಲಿತು. ಬ್ಲೇಡು ಮತ್ತೆ ಉಜ್ಜತೊಡಗಿತು.

ಬೆಕ್ಕುಗಳಿಗೆ ಬಾಣಲೆಯ ನಂತರ ಕಣ್ಣಿಗೆ ಬಿದ್ದದ್ದು ಪಾರಿವಾಳದ ಗೂಡು. ಎದುರು ಬೀದಿಯವನಿಗೆ ಹಲ್ಲುಗಿಂಜಿ, ಗಡ್ಡ ಮುಟ್ಟಿ, ಒಂದೊಂದೇ ಹಕ್ಕಿಯನ್ನು ಬಿಡಿಸಿಕೊಂಡು ಬಂದು ಆಗ ತಾನೇ ಗೂಡು ಸೇರಿಸಿದ್ದ ಬಯ್ಯೂಮಿ, ಅವು ಎರಡನೇ ಸಲ ಎದುರು ಬೀದಿಗೆ ಹಾರುವುದನ್ನು ನೋಡಿದ. ಡಬ್ಬವೊಂದನ್ನು ಎಳೆದುಕೊಂಡು ಶೆಡ್ಡಿನ ಮುಂದೆ ಕೂತ. ಕಾಲ ಮೇಲೆ ಕಾಲು ಹಾಕಿದ. ಜೇಬಿನಿಂದ ಕಲ್ಲಂಗಡಿ ಬೀಜ ತೆಗೆದು ಕಟಂ ಕಟಂ ಅಂತ ಕಡಿಯುತ್ತ ಹಿಲ್ಮಿಯನ್ನು ನೋಡತೊಡಗಿದ. ಮುಂದಿನ ಸಾಲಿನ ಟಿಕೆಟ್ಟು ತೆಗೆದುಕೊಂಡು ಬಂದವನ ಹಾಗೆ.

ಹಿಲ್ಮಿ ಮುಂದುವರಿಸಿದ. ಕುಯ್ದ, ನಿಲ್ಲಿಸಿದ, ಬೆಕ್ಕು ಓಡಿಸಿದ, ಉಜ್ಜಿದ, ಬೆವರು ಒರೆಸಿದ, ಮತ್ತೆ ಒತ್ತಿದ. ಕಡೆಗೆ ಎರಡು ಗೀರಿನ ನಡುವೆ ಒಂದು ಬೆರಳಗಲ ಉಳಿಯಿತು. ಅದು ಬ್ಲೇಡಿಗೆ ಜಪ್ಪಯ್ಯ ಅಂದರೂ ಬಗ್ಗಲಿಲ್ಲ. ಹಿಲ್ಮಿ ಸುತ್ತಿಗೆ ಎತ್ತಿಕೊಂಡು ಬಡಿದ. ಆ ಕಡೆ ಬಡಿದ, ಈ ಕಡೆ ಬಡಿದ, ಬಗ್ಗಿಸಿದ, ನೆಟ್ಟಗೆ ಮಾಡಿದ, ಮತ್ತೆ ಬಗ್ಗಿಸಿದ. ಹೊಡೆದಾಟದ ದೃಶ್ಯದಲ್ಲಿ ಹೀರೋ ಒಬ್ಬನನ್ನೇ ಹಿಡಿದು ಹದಿನೆಂಟು ಏಟು ಹಾಕುವ ಹಾಗೆ. ಕಡೆಗೆ ತುಂಡು ಕಳಚಿ ಕಾಲ ಬೆರಳಿನ ಮೇಲೆ ಬಿತ್ತು.

ಇನ್ನೊಂದು ತುದಿಯ ಕತೆಯೂ ಇದೇ. ಒಂದೇ ವ್ಯತ್ಯಾಸ, ಈ ಸಲ ಗಡಿಯಾರವೂ ಅವನ ವಿರುದ್ಧ ಇತ್ತು. ಅದಕ್ಕೇ ಕಾಲು ಭಾಗ ಕುಯ್ದು ಮುಕ್ಕಾಲು ಭಾಗ ಬಡಿದ. ಆಮೇಲೆ ಎರಡೂ ತುದಿಯನ್ನು ಗುಂಡಗಾಗಲಿ ಅಂತ ಸುತ್ತಿಗೆಯಿಂದಲೇ ತಟ್ಟಿ ತಟ್ಟಿ, ಅರ ಹಾಕಿ, ಮರಳು ಕಾಗದದಿಂದ ಉಜ್ಜಿ, ಪಾಲಿಶ್ ಹೊಡೆದ. ಮೂರೂಮುಕ್ಕಾಲಿಗೆ ಅವನ ಕೈಯಲ್ಲಿ ಒಂದು ಗೇಣುದ್ದದ ಕುಟ್ಟುಗೋಲು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಒಂದು ಕಡೆ ಸ್ವಲ್ಪ ಸೊಟ್ಟ. ಅದನ್ನು ವಿನ್ಯಾಸ ಅಂತ ಕರೆಯಬಹುದಿತ್ತು.

ಬಯ್ಯೂಮಿ ಬೀಜದ ಸಿಪ್ಪೆ ಉಗುಳಿ ಎದ್ದು, ತಾನೂ ಹಾಜಿಯ ಮನೆಗೆ ಬರುತ್ತಿದ್ದೇನೆ, ಮುಂದಿನ ಭಾಗವನ್ನು ತಪ್ಪಿಸಿಕೊಳ್ಳಲು ಮನಸ್ಸಿಲ್ಲ ಅಂದ.

ಹಾಜಿಯ ಪಡಸಾಲೆಯಲ್ಲಿ ಕಾಲಿಡಲು ಜಾಗ ಇರಲಿಲ್ಲ. ಮೊಂಬತ್ತಿಗಳು, ಏಳು ಧಾನ್ಯಗಳು, ಉಪ್ಪು ಎರಚುವ ಹೆಂಗಸರು, ಜರಡಿಯೊಳಗೆ ಬಟ್ಟೆ ಸುತ್ತಿಕೊಂಡು ಮುಷ್ಟಿ ಬಿಗಿಹಿಡಿದು ನಿದ್ದೆ ಮಾಡುತ್ತಿದ್ದ ಮಗು. ಹಿಲ್ಮಿ ಇಸ್ತ್ರಿ ಅಂಗಿ ಹಾಕಿಕೊಂಡು ತಾಯಿಯ ಜೊತೆ ಬಂದ. ಸೆಂಟು ಸುರಿದುಕೊಂಡಿದ್ದ, ಆದರೂ ಅವನು ಹಾದುಹೋದಲ್ಲೆಲ್ಲ ಜನ ಮೂಗರಳಿಸಿ, ಮೀನು ಎಲ್ಲಿ ಕರಿಯುತ್ತಿದ್ದಾರೆ ಅಂತ ಪರಸ್ಪರ ಕೇಳಿಕೊಂಡರು. ಕುಟ್ಟುಗೋಲನ್ನು ರೇಷ್ಮೆ ಕರವಸ್ತ್ರದಲ್ಲಿ ಸುತ್ತಿ ಎರಡೂ ಕೈಯಲ್ಲಿ ಹಾಜಮ್ಮನಿಗೆ ಕೊಟ್ಟ.

ಹಾಜಮ್ಮ ಕೋಲನ್ನು ಎತ್ತಿ ಹಿತ್ತಾಳೆ ಕುಟ್ಟಾಣಿಗೆ ಬಿಟ್ಟಳು. ಆ ನಾದ ಗೋಡೆಗೆ ತಾಗಿ, ಗಾಜಿನ ಲೋಟಗಳಿಗೆ ತಾಗಿ, ಮೂರು ಸುತ್ತು ತಿರುಗಿತು. ಮಗು ಕಣ್ಣು ಬಿಟ್ಟು ಬೀದಿಗೆಲ್ಲ ಕೇಳುವ ಹಾಗೆ ಕಿರುಚಿತು. ಕಿವಿ ಚೆನ್ನಾಗಿದೆ ಅಂತ ಎಲ್ಲರಿಗೂ ಖುಷಿಯೋ ಖುಷಿ. ಹಾಜಿ ಮಿತ್ವಲ್ಲಿ ಕೋಲನ್ನು ತಾನೇ ಇಸಿದುಕೊಂಡು ಅಂಗೈಯಲ್ಲಿ ತೂಗಿ ನೋಡಿದ. ಮೊದಲು ತಳ ನೋಡಿದ. ಆಮೇಲೆ ಹಿಲ್ಮಿಯನ್ನು ಇಂಜಿನಿಯರ್ರೇ ಅಂತ ಕರೆದು ಪಕ್ಕದಲ್ಲೇ ಕೂರಿಸಿಕೊಂಡ. ಇಪ್ಪತ್ತು ವರ್ಷ ಓದಿದವರಿಗೆ ಸಿಗದ ಪದವಿ ಒಂದು ಠಣ್ಣಿಗೆ ಸಿಕ್ಕಿತು.

ಹಿಲ್ಮಿ ತಾಯಿಯನ್ನು ಮೊಣಕೈಯಿಂದ ತಿವಿದ. ತಾಯಿ ಗಂಟಲು ಸರಿಮಾಡಿಕೊಂಡು, ಹಾಜಿ, ಕೋಲಿನ ಜೊತೆ ನನ್ನ ಮಗನನ್ನೂ ನಿಮ್ಮ ಮನೆಯವನು ಅಂತ ಇಟ್ಕೊಳ್ಳಿ, ನಿಮ್ಮ ರಾವಿಯಾಳನ್ನ ನಮಗೆ ಕೊಡಿ ಅಂದಳು. ಹಿಲ್ಮಿ ಹುಬ್ಬನ್ನು ಸಿದ್ಧ ಮಾಡಿಕೊಂಡ.

ಹಾಜಿ ಮೀಸೆಯೊಳಗೇ ನಕ್ಕು, ಜೇಬಿಗೆ ಕೈಹಾಕಿ, ಒಂದು ಪುಟ್ಟ ಅಯಸ್ಕಾಂತ ತೆಗೆದ. ಅನುಮಾನ ಏನಿರಲಿಲ್ಲ, ಅಭ್ಯಾಸ. ಅಂಗಡಿಗೆ ಯಾವ ಸ್ಟೀಲು ಬಂದರೂ ಅವನು ಮೊದಲು ಮಾಡುವುದು ಅದೇ. ಅಪ್ಪಟ ಸ್ಟೇನ್‌ಲೆಸ್ಸಿಗೆ ಅಯಸ್ಕಾಂತ ಅಂಟುವುದಿಲ್ಲ. ಅಂಟಿತೋ, ಅದು ಹೊಳಪು ಬಳಿದ ಕಬ್ಬಿಣ. ಇದೊಂದೇ ಜ್ಞಾನದ ಮೇಲೆ ಅವನು ಮೂವತ್ತು ವರ್ಷ ವ್ಯಾಪಾರ ಮಾಡಿ, ಮೂರು ಮಹಡಿ ಕಟ್ಟಿಸಿದ್ದ.

ಕೋಲಿನ ನಡುವೆ ಇಟ್ಟ. ಅಯಸ್ಕಾಂತ ಜಾರಿ ಮಡಿಲಿಗೆ ಬಿತ್ತು. ಅಸಲಿ ಮಾಲು ಅಂತ ಹಾಜಿ ಸುತ್ತ ಕೂತವರಿಗೆಲ್ಲ ತಲೆಯಾಡಿಸಿ ತೋರಿಸಿದ. ಹಿಲ್ಮಿಯ ತಾಯಿ ಸಂತೋಷದ ಉಲುಲು ಕೂಗು ಹಾಕಲು ನಾಲಗೆ ಮಡಿಚಿದಳು. ಹಾಜಿ ಅಯಸ್ಕಾಂತವನ್ನು ಎತ್ತಿಕೊಂಡು ಸುಮ್ಮನೆ ಕೋಲಿನ ತುದಿಗೆ ಇಟ್ಟ.

ಅಂಟಿತು.

ಕಿತ್ತು ಇನ್ನೊಂದು ತುದಿಗೆ ಇಟ್ಟ. ಅಲ್ಲೂ ಅಂಟಿತು. ಕೋಲನ್ನು ಅಲ್ಲಾಡಿಸಿದ. ಅಯಸ್ಕಾಂತ ತೊಟ್ಟಿಲಲ್ಲಿ ಮಲಗಿದ ಹಾಗೆ ಮಲಗಿತ್ತು. ಉಲುಲು ತಾಯಿಯ ಬಾಯಲ್ಲೇ ಉಳಿಯಿತು.

"ನಡುವೆ ಅಸಲಿ, ಎರಡೂ ತುದೀಲಿ ನಕಲಿ," ಅಂದ ಹಾಜಿ, ಮೆಲ್ಲಗೆ. "ಎಲ್ಲಿ ಬೆಸುಗೆ ಹಾಕ್ದೆಯೋ? ಮೂವತ್ತು ವರ್ಷದಲ್ಲಿ ಎಂತೆಂಥ ಮೋಸಗಾರರನ್ನ ನೋಡಿದ್ದೀನಿ. ಮಗುವಿನ ಏಳನೇ ದಿನಕ್ಕೆ ಮೋಸ ಮಾಡಿದೋನನ್ನ ನೋಡಿರ್ಲಿಲ್ಲ."

ಇಂಜಿನಿಯರ್ ಪದವಿ ಹೋಯಿತು, ಬಹುವಚನವೂ ಹೋಯಿತು. ಹಿಲ್ಮಿ ಸಬ್ತಿಯಾದ ಅಂಗಡಿಯ ಮೇಲೆ ಆಣೆ ಇಟ್ಟ, ತಾಯಿಯ ಮೇಲೆ ಇಟ್ಟ, ಅಲ್ಲಿ ಯಾರೂ ನಂಬುತ್ತಿಲ್ಲ ಅಂತ ಕಂಡು, ಗೋಡೆಗೆ ಒರಗಿ ಬಾದಾಮಿ ತಿನ್ನುತ್ತಿದ್ದ ಬಯ್ಯೂಮಿಯನ್ನು ತೋಳು ಹಿಡಿದು ನಡುವಿಗೆ ಎಳೆದುಕೊಂಡು ಬಂದ. ಉಸ್ತಾ ಬಯ್ಯೂಮಿ ಲೋಹದ ವಿಷಯದಲ್ಲಿ ಸುಳ್ಳು ಹೇಳುವುದಿಲ್ಲ ಅಂತ ಶುಬ್ರಾಕ್ಕೆಲ್ಲ ಗೊತ್ತು.

"ಹೇಳಿ ಉಸ್ತಾ. ಬೆಳಿಗ್ಗೆ ನೀವೇ ತಟ್ಟಿ ನೋಡಿದ್ರಲ್ಲ. ನನ್ನ ಮಾನ ನಿಮ್ಮ ಕೈಲಿದೆ."

ಬಯ್ಯೂಮಿ ಬಾದಾಮಿಯನ್ನು ಪೂರ್ತಿ ಅಗಿದು ನುಂಗಿದ. ನಲವತ್ತು ಪಾರಿವಾಳ ಇನ್ನೂ ಎದುರು ಬೀದಿಯಲ್ಲೇ ಇದ್ದವು. ಆದರೂ ಮುದುಕ ಧರ್ಮಕ್ಕೆ ನಿಂತ.

"ಸ್ಟೀಲು ಅಸಲಿ ಹಾಜಿ. ಹುಡುಗ ಬೆಸುಗೆ ಹಾಕಿಲ್ಲ, ಇವನಿಗೆ ಅಷ್ಟು ವಿದ್ಯೆ ಎಲ್ಲಿ ಬರಬೇಕು. ಈ ಮಾಲು ಹೀಗೇ. ಸುಮ್ನೆ ಇದ್ರೆ ಮ್ಯಾಗ್ನೆಟ್ಟಿಗೆ ಸೊಪ್ಪು ಹಾಕಲ್ಲ. ಆದ್ರೆ ತಣ್ಣಗಿದ್ದಾಗ ಉಜ್ಜಿ, ಬಡಿದು, ಬಗ್ಗಿಸಿ ಕಾಡ್ಸಿದ್ರೆ, ಕಾಡ್ಸಿದ ಜಾಗ ಗಟ್ಟಿ ಆಗಿಬಿಡುತ್ತೆ. ಆ ಜಾಗಕ್ಕೆ ಮಾತ್ರ ಮ್ಯಾಗ್ನೆಟ್ಟು ಅಂಟುತ್ತೆ. ಲೇತ್ ಮೇಲೆ ಎಷ್ಟೋ ಸಲ ನೋಡಿದ್ದೀನಿ. ಇವನು ಇವತ್ತು ಅದಕ್ಕೆ ಕೊಟ್ಟ ಹಿಂಸೆ ಇದೆಯಲ್ಲ, ಕಣ್ಣಾರೆ ಕೂತು ನೋಡಿದ್ದೀನಿ."

ಹಾಜಿ ಕೋಲನ್ನು ತಿರುಗಿಸಿ ತಿರುಗಿಸಿ ನೋಡಿದ. ಮೂವತ್ತು ವರ್ಷದ ಜ್ಞಾನ ಅಲುಗಾಡಿದ್ದು ಮುಖದಲ್ಲಿ ಕಂಡಿತು. ಆದರೆ ಬಯ್ಯೂಮಿ ಹೇಳಿದ ಮೇಲೆ ಮಾತಿಲ್ಲ. ಎದ್ದು ಬಂದು ಹಿಲ್ಮಿಯ ಎರಡೂ ಕೆನ್ನೆಗೆ ಮುತ್ತಿಟ್ಟು, ತಪ್ಪಾಯಿತು ಇಂಜಿನಿಯರ್ರೇ, ಹುಡುಗ ಪ್ರಾಮಾಣಿಕ, ಅಷ್ಟು ಸಾಕು, ನನ್ನ ಕಡೆಯಿಂದ ಒಪ್ಪಿಗೆ ಅಂದ. ಹಿಲ್ಮಿಯ ತಾಯಿ ತಡೆಹಿಡಿದಿದ್ದ ಉಲುಲುವನ್ನು ಒಂದೇ ಸಲ ಬಿಟ್ಟಳು. ಉಮ್ ಹಮ್ದಿ, ಈ ಸಂಬಂಧ ಕೂಡಿಸಿದ್ದೇ ತಾನು ಅಂತ ಪಕ್ಕದವಳಿಗೆ ಹೇಳತೊಡಗಿದಳು. ಹಿಲ್ಮಿ ಎದೆಯುಬ್ಬಿಸಿ ಬಾಗಿಲ ಕಡೆ ನೋಡಿದ. ಅಲ್ಲಿ ರಾವಿಯಾ ತುಪ್ಪ, ಎಳ್ಳು ಹಾಕಿದ ಬಿಸಿ ಮುಘಾತ್ ಲೋಟಗಳ ತಟ್ಟೆ ಹಿಡಿದು ನಿಂತಿದ್ದಳು. ಇನ್ನು ಹುಡುಗಿಯ ಬಾಯಿಂದ ಒಂದು ಮಾತು ಬಂದರೆ ಮುಗಿಯಿತು ಅಂದ ಹಾಜಿ.

ರಾವಿಯಾ ಕೆಲಸ ಮಾಡುತ್ತಿದ್ದದ್ದು ಔಷಧಿ ಅಂಗಡಿಯಲ್ಲಿ. ಡಬ್ಬಿಯ ಹಿಂದೆ ಸಣ್ಣಕ್ಷರದಲ್ಲಿ ಬರೆದದ್ದನ್ನು ಓದದೆ ಯಾವುದನ್ನೂ ಯಾರ ಕೈಗೂ ಕೊಡುವವಳಲ್ಲ. ಅವಳು ಅಪ್ಪನ ಕಡೆ ನೋಡಲಿಲ್ಲ, ಬಯ್ಯೂಮಿಯ ಕಡೆ ತಿರುಗಿದಳು.

"ಉಸ್ತಾ, ಬೆಳಿಗ್ಗೆ ಇವರ ಕೈಗೆ ಬಂದಾಗ ಆ ಸ್ಟೀಲು ಚೆನ್ನಾಗಿತ್ತಾ?"

"ಅಪರಂಜಿ ಹಾಗಿತ್ತು ತಾಯಿ."

"ಇವರ ಹತ್ರ ಎಷ್ಟು ಹೊತ್ತು ಇತ್ತು?"

ಬಯ್ಯೂಮಿ ಬೆರಳು ಮಡಿಚಿ ಎಣಿಸಿ, ನಮಾಜಿಗೆ ಹೋಗಿದ್ದು ಬಿಟ್ಟರೆ ಐದು ಗಂಟೆ ಅಂದ. ನಡುವೆ ಬಾಯಿ ಹಾಕಿದ ಹಿಲ್ಮಿ, ಹೌದು ಹೌದು, ಪೂರ್ತಿ ಐದು ಗಂಟೆ, ಎಲ್ಲ ನಾನೇ, ಯಾರ ಕೈಯನ್ನೂ ಮುಟ್ಟಗೊಡಲಿಲ್ಲ ಅಂತ ಖಾತ್ರಿಪಡಿಸಿದ.

ರಾವಿಯಾ ಹಿಲ್ಮಿಯನ್ನು ಮೊದಲ ಸಲ ನೆಟ್ಟಗೆ ನೋಡಿದಳು. ಸಿಟ್ಟಿರಲಿಲ್ಲ. ತಾರೀಖು ಮುಗಿದ ಔಷಧಿಯನ್ನು ಪಕ್ಕಕ್ಕೆ ಎತ್ತಿಡುವಾಗ ಯಾರೂ ಸಿಟ್ಟಾಗುವುದಿಲ್ಲ.

"ಅಪ್ಪಾ, ಐದು ಗಂಟೆ ಇವರ ಕೈಲಿ ಇದ್ದಿದ್ದಕ್ಕೆ ಸ್ಟೀಲೇ ತನ್ನ ಗುಣ ಬಿಟ್ಟಿದೆ. ನಾನು ಐವತ್ತು ವರ್ಷ ಇರಬೇಕು."

ಹೇಳಿ, ತಟ್ಟೆ ಹಿಡಿದು ಸಾಲಿನಲ್ಲಿ ಕೂತವರಿಗೆಲ್ಲ ಒಬ್ಬೊಬ್ಬರಿಗೆ ಒಂದೊಂದು ಲೋಟ ಕೊಡುತ್ತ ಬಂದಳು. ಬಯ್ಯೂಮಿಗೆ ಎರಡು ಕೊಟ್ಟಳು. ಹಿಲ್ಮಿಯ ಲೋಟ ತಟ್ಟೆಯಲ್ಲೇ ಉಳಿದು, ಹಬೆಯಾಡುತ್ತ, ಅವಳ ಜೊತೆ ಅಡುಗೆಮನೆಗೆ ವಾಪಸು ಹೋಯಿತು.